ಎಡಕ್ಕೆ ಎಳೆಯುವ ಕಾರು, ಹೇಳಿದ್ದು ಕೇಳುವ ಮಗ

ಹೂಂ ಅನ್ನೋರು ಯಾರಾದರೂ ಇದ್ದೀರಾ? ಇದ್ದರೆ ಹೇಳ್ತೀನಿ. ನಡುವೆ ಯಾರಾದರೂ ತೂಕಡಿಸಿದರೆ ಅಲ್ಲಿಗೇ ನಿಲ್ಲಿಸಿಬಿಡ್ತೀನಿ, ಆಮೇಲೆ ಮದುಮಗಳು ಏನಾದಳು ಅಂತ ನನ್ನ ಕೇಳಬೇಡಿ.

ಒಂದೂರಲ್ಲಿ ಕೆಂಚಮ್ಮ ಅಂತ ಒಬ್ಬಳಿದ್ದಳು. ಅವಳಿಗೊಬ್ಬನೇ ಮಗ, ಗವಿರಂಗ. ಮೈಯಲ್ಲಿ ಕೋಣನ ಬಲ. ತಾಯಿ ಹೇಳಿದ ಮಾತು ಒಂದು ಕೂದಲೆಳೆಯಷ್ಟೂ ಮೀರುವವನಲ್ಲ. ಬಂದಿದ್ದ ಕಷ್ಟವೂ ಅದೇ!

"ಹಾಲು ಉಕ್ಕಿದ್ರೆ ಕೂಗೋ ಮಗ" ಅಂತ ಹೇಳಿ ಕೆಂಚಮ್ಮ ನೀರಿಗೆ ಹೋದಳು. ಹಾಲು ಉಕ್ಕಿತು. ಗವಿರಂಗ ಕೂಗಿದ. ಒಲೆ ಆರಿತು, ಕೂಗಿದ. ಪಾತ್ರೆ ತಳ ಕಂಡಿತು, ಇನ್ನೂ ಕೂಗುತ್ತಲೇ ಇದ್ದ.

"ಇಳಿಸೋದಲ್ವೇನ್ಲಾ?"

"ಕೂಗು ಅಂದೆ, ಕೂಗ್ದೆ. ಇಳಿಸು ಅಂದ್ಯಾ?"

"ಅಯ್ಯೋ ನನ್ನ ಹಣೆಬರಹವೇ! ಮಗನ್ನ ಹೆತ್ನೋ, ಮಣ್ಣುಮುದ್ದೆ ಹೆತ್ನೋ!"

ಹೀಗೆ ಹಣೆ ಚಚ್ಚಿಕೊಂಡು ಅವಳು ಸುಮ್ಮನೆ ಬದುಕಿಕೊಳ್ಳುತ್ತಿದ್ದಳು. ಆದರೆ ಎಡಗಡೆ ಮನೆಯಲ್ಲಿ ವಾರಗಿತ್ತಿ ಲಕ್ಕಮ್ಮ ಇದ್ದಳಲ್ಲ! ಮೈದುನನ ಹೆಂಡತಿ, ವಯಸ್ಸಲ್ಲಿ ಚಿಕ್ಕವಳು, ನಾಲಿಗೆ ಮಾತ್ರ ದೊಡ್ಡದು. ಲಕ್ಕಮ್ಮ ಹಸು ತಂದರೆ ಕೆಂಚಮ್ಮ ಎಮ್ಮೆ ತರಬೇಕು. ಲಕ್ಕಮ್ಮ ಬಾಗಿಲಿಗೆ ಹಸಿರು ಬಣ್ಣ ಬಳಿಸಿದರೆ ಕೆಂಚಮ್ಮನಿಗೆ ಒಂದು ವಾರ ಮುದ್ದೆ ಗಂಟಲಲ್ಲಿ ಇಳಿಯುತ್ತಿರಲಿಲ್ಲ. ಹೊಟ್ಟೆಕಿಚ್ಚು ಅಂದರೆ ಹೊಟ್ಟೆಕಿಚ್ಚೇ, ಅದಕ್ಕೆ ಬೇರೆ ಹೆಸರಿಟ್ಟು ಏನಾಗಬೇಕು?

ಒಂದು ದಿನ ಲಕ್ಕಮ್ಮನ ಮಗ ಓಬಳೇಶ ಬಿಳಿ ಕಾರು ತಂದ. ಹಳೇದು. ಆದರೂ ಕಾರು! ಕೆಂಚಮ್ಮ ಮೂರು ದಿನ ಹಾಸಿಗೆ ಹಿಡಿದಳು. ನಾಲ್ಕನೇ ದಿನ ಎದ್ದು, ಎಮ್ಮೆಗಳನ್ನು ಮಾರಿ, ಅಂಥದ್ದೇ ಕಾರು ತರಿಸಿದಳು. ಅದೇ ಬಿಳಿ, ಅದೇ ಅಳತೆ, ಅವಳಿ ಮಕ್ಕಳ ಹಾಗೆ. ಕೆಂಪು ಕಾರೂ ಸಿಕ್ಕಿತ್ತು, ಬೇಡ ಅಂದಳು. ಲಕ್ಕಮ್ಮನಿಗಿರೋದೇ ತನಗೂ ಬೇಕು, ಅಷ್ಟೇ. ಗವಿರಂಗನಿಗೆ ಕಾರು ಓಡಿಸೋದು ಒಂದು ಚೆನ್ನಾಗಿ ಬರುತ್ತಿತ್ತು. ಕಲಿಸಿದವರು ಹೇಳಿದ ಹಾಗೇ ಓಡಿಸುತ್ತಿದ್ದನಲ್ಲ, ಅದಕ್ಕೆ.

ಅಷ್ಟರಲ್ಲಿ ಆ ಮನೆತನದ ಹಿರೀ ವಾರಗಿತ್ತಿ ಹನುಮಕ್ಕನ ಮಗಳು ರಂಗಲಕ್ಷ್ಮಿಗೆ ಮದುವೆ ಗೊತ್ತಾಯಿತು. ಹನುಮಕ್ಕ ಇಬ್ಬರನ್ನೂ ಕೂರಿಸಿಕೊಂಡು ಹೇಳಿದಳು: "ನೋಡ್ರಮ್ಮ, ಮನೇಲೇ ಎರಡು ಕಾರವೆ. ಯಾವುದು ನೆಟ್ಟಗೆ ಓಡುತ್ತೋ ಅದ್ರಲ್ಲಿ ನನ್ನ ಮಗಳು ಗಂಡನ ಮನೆಗೆ ಹೋಗ್ಲಿ. ನನಗೆ ನೀವಿಬ್ರೂ ಒಂದೇ."

ಒಂದೇ ಅಂದರೆ ಆಗುತ್ತಾ? ಕೆಂಚಮ್ಮ ಮನೆಗೆ ಬಂದು ಮಗನ ಗಲ್ಲ ಹಿಡಿದಳು. "ಗವಿರಂಗ, ಮದುಮಗಳು ನಮ್ಮ ಕಾರಲ್ಲೇ ಕೂರ್ಬೇಕು ಕಣಪ್ಪ. ಅವಳ ಕಾರಲ್ಲಿ ಕೂತ್ರೆ ನಾನು ಊರಲ್ಲಿ ತಲೆ ಎತ್ಕೊಂಡು ತಿರುಗಾಂಗಿಲ್ಲ!"

"ಆಯ್ತು ಕಣವ್ವ" ಅಂತ ಗವಿರಂಗ ಕಾರು ಹತ್ತಿದ. ನೆಟ್ಟಗೆ ಬಿಟ್ಟ. ಸ್ಟೇರಿಂಗು ನೆಟ್ಟಗೆ, ಕಾರು ಎಡಕ್ಕೆ! ತಿರುಗಿಸಿಕೊಂಡು ಮತ್ತೆ ಬಿಟ್ಟ. ಸ್ಟೇರಿಂಗು ನೆಟ್ಟಗೆ, ಕಾರು ಎಡಕ್ಕೆ! ಲಕ್ಕಮ್ಮ ಹಾಕಿದ್ದ ರಂಗೋಲಿ ಮೇಲೆ ಹಾದು, ಲಕ್ಕಮ್ಮನ ಜಗಲಿಗೆ ಮೂತಿ ತಾಗಿಸಿ ನಿಂತಿತು.

"ಎಡಕ್ಕೇ ಯಾಕೆ?" ಅಂತ ಕೆಂಚಮ್ಮ ಕಿರುಚಿದಳು. "ಎಡಕ್ಕೆ ಯಾರ ಮನೆ ಐತೆ? ಅವಳ ಕಣ್ಣು ಕಣ್ಲಾ! ಅವಳ ಕಣ್ಣೇ ನಮ್ಮ ಕಾರು ಎಳೀತೈತೆ!"

ನಾಲ್ಕು ಗಾಲಿಗೂ ನಿಂಬೆಹಣ್ಣು ಇಟ್ಟು ಹತ್ತಿಸಿದಳು. ಮೆಣಸಿನಕಾಯಿ ಸರ ಕಟ್ಟಿದಳು. ನಿಜ ಹೇಳ್ತೀನಿ, ಕೆಂಚಮ್ಮನ ಕಣ್ಣು ಲಕ್ಕಮ್ಮನ ಕಾರಿನ ಮೇಲೆ ಬಿದ್ದದ್ದರಲ್ಲಿ ಕಾಲುಭಾಗವೂ ಲಕ್ಕಮ್ಮನ ಕಣ್ಣು ಇತ್ತ ಬಿದ್ದಿರಲಿಲ್ಲ. ಯಾರು ಕೇಳ್ತಾರೆ?

ನಿಂಬೆಹಣ್ಣಿಗೆ ಬಗ್ಗಲಿಲ್ಲ ಅಂದಮೇಲೆ ಗವಿರಂಗನನ್ನು ಪ್ಯಾರೂ ಸಾಬರ ಗ್ಯಾರೇಜಿಗೆ ಅಟ್ಟಿದಳು. ಪ್ಯಾರೂ ಸಾಬರು ಒಳ್ಳೆ ಕೆಲಸಗಾರರು. ಕೂತಲ್ಲಿಂದಲೇ ಹೇಳಿದರು: "ಮುಂದಿನ ಎಡಗಾಲೀಲಿ ಗಾಳಿ ಕಮ್ಮಿ ಇರ್ಬೇಕು ಬೇಟಾ. ಒಂದು ಕಡೆ ಕಮ್ಮಿ ಆದ್ರೆ ಗಾಡಿ ಆ ಕಡೆಗೇ ಎಳೀತದೆ. ಎರಡೂ ಕಡೆ ಸಮ ಮಾಡ್ಕೋ, ಹೋಗು."

"ಅಷ್ಟೇನಾ? ಆಯ್ತು!"

ಮನೆಗೆ ಬಂದ. ಎಡಗಡೆ ಕಮ್ಮಿ, ಬಲಗಡೆ ಜಾಸ್ತಿ. ಬಲಗಾಲಿಯ ವಾಲ್ವಿಗೆ ಮೊಳೆ ಒತ್ತಿ ಬುಸ್ ಅಂತ ಗಾಳಿ ಬಿಟ್ಟ. ಅದು ಎಡಗಾಲಿಗಿಂತ ಇಳಿಯಿತು. ಎಡಕ್ಕೆ ಹೋಗಿ ಬುಸ್! ಈಗ ಇದು ಇಳಿಯಿತು. ಬಲಕ್ಕೆ ಬಂದು ಬುಸ್! ಎಡಕ್ಕೆ ಬುಸ್, ಬಲಕ್ಕೆ ಬುಸ್, ಎಡಕ್ಕೆ ಬುಸ್, ಬಲಕ್ಕೆ ಬುಸ್. ಕೊನೆಗೆ ಎರಡೂ ಗಾಲಿ ರೊಟ್ಟಿಯಾಗಿ ನೆಲಕ್ಕೆ ಕೂತವು.

"ಏನ್ಲಾ ಇದು!"

"ಸಮ ಮಾಡ್ದೆ ಕಣವ್ವ. ನೋಡು, ಒಂದು ಚೂರೂ ಹೆಚ್ಚುಕಮ್ಮಿ ಇಲ್ಲ."

ಲಕ್ಕಮ್ಮ ಜಗಲಿಯಿಂದಲೇ ನಕ್ಕಳು. "ಅಕ್ಕಾ, ನಿಮ್ಮ ಕಾರು ಮಂಡಿ ಊರಿ ನಮ್ಮನೆಗೆ ಅಡ್ಡಬಿದ್ದೈತಲ್ಲ!"

ಆ ನಗು ಕೆಂಚಮ್ಮನ ಎದೆಗೆ ಮೆಣಸಿನಪುಡಿ ಹಾಕಿದ ಹಾಗಾಯಿತು. ಮಗನ ಬೆನ್ನಿಗೆ ಗುದ್ದಿದಳು. "ಪೆದ್ದ ಮುಂಡೇದೇ! ಜಾಸ್ತಿ ಇರೋ ಕಡೆ ಕೀಳೋದಲ್ಲ, ಕಮ್ಮಿ ಇರೋ ಕಡೆ ತುಂಬ್ಬೇಕು! ನೆನಪಿಟ್ಕೋ, ಎಲ್ಲಿ ಕಮ್ಮಿಯೋ ಅಲ್ಲಿ ತುಂಬು!"

"ಅಷ್ಟೇನಾ? ಆಯ್ತು!"

ಪ್ಯಾರೂ ಸಾಬರೇ ಬಂದು ಪಂಪು ಹೊಡೆದು ಗಾಳಿ ಸಮ ಮಾಡಿಕೊಟ್ಟರು. ಆದರೂ ಸ್ಟೇರಿಂಗು ನೆಟ್ಟಗೆ, ಕಾರು ಎಡಕ್ಕೆ. "ಮಂಗಳವಾರ ಗ್ಯಾರೇಜಿಗೆ ತನ್ನಿ, ನೋಡ್ತೀನಿ" ಅಂದು ಹೋದರು.

ಮಂಗಳವಾರ ಕೆಂಚಮ್ಮ ಹೊಸ ಸೀರೆ ಉಟ್ಟು, ಲಕ್ಕಮ್ಮನಿಗೆ ಕಾಣಲಿ ಅಂತ ಹಿಂದಿನ ಸೀಟಿನ ಎಡಗಡೆ ಕಿಟಕಿಗೆ ಅಂಟಿಕೊಂಡು ಕೂತಳು. ಗವಿರಂಗ ತಿರುಗಿ ನೋಡಿದ. ಎಡಗಡೆ ಅವ್ವ, ದಪ್ಪಗೆ. ಬಲಗಡೆ ಖಾಲಿ. ಎಲ್ಲಿ ಕಮ್ಮಿಯೋ ಅಲ್ಲಿ ತುಂಬು!

"ತಡಿಯವ್ವ" ಅಂದವನೇ ಮನೆಯೊಳಗೆ ಓಡಿದ. ರಾಗಿ ಬೀಸೋ ಕಲ್ಲು ಎತ್ತಿಕೊಂಡು ಬಂದು ತಾಯಿ ಪಕ್ಕಕ್ಕೆ ಧೊಪ್ಪನೆ ಹಾಕಿದ. ಸೀಟು ಹರಿಯಿತು. ಕೆಳಗೆಲ್ಲೋ ಠಣ್ ಅಂತ ಏನೋ ಮುರಿಯಿತು.

ಲಕ್ಕಮ್ಮ ಓಡಿ ಬಂದು ಇಣುಕಿದಳು. "ಅಕ್ಕಾ, ಪಕ್ಕದಲ್ಲಿ ಯಾರು, ಬೀಗಿತ್ತಿಯಾ?"

ಕೆಂಚಮ್ಮ ಸೆರಗಿಂದ ಮುಖ ಮುಚ್ಚಿಕೊಂಡೇ ಗ್ಯಾರೇಜಿಗೆ ಬಂದಳು. ಅಲ್ಲಿ ಪ್ಯಾರೂ ಸಾಬರು ಕಣ್ಣುಕಣ್ಣು ಬಿಟ್ಟರು. "ಅರೇ, ಕಲ್ಲಿಗೆ ಸವಾರಿ ಮಾಡ್ಸೋಕೆ ಕಾರು ತಗೊಂಡ್ರಾ? ಭಾರ ತುಂಬಿದ್ರೆ ರೋಗ ಹೋಗ್ತದಾ?" ಮುರಿದದ್ದನ್ನು ಜೋಡಿಸಿದರು. ಆಮೇಲೆ ಗವಿರಂಗನಿಗೆ ಬಿಡಿಸಿ ಹೇಳಿದರು: "ಗಾಳಿ ಸರಿ ಇದ್ರೂ ಎಳೀತಿದೆ ಅಂದ್ರೆ ಒಂದು ಗಾಲೀಲಿ ಬ್ರೇಕ್ ಕಚ್ಕೊಂಡಿರಬಹುದು. ಇವತ್ತು ಹೊತ್ತಾಯ್ತು, ನಾಳೆ ಮನೇಲಿ ಗಾಲಿ ತಿರುಗಿಸಿ ನೋಡು. ಸಲೀಸಾಗಿ ತಿರುಗ್ಲಿಲ್ಲ ಅಂದ್ರೆ ಏನೋ ಹಿಡ್ಕೊಂಡಿದೆ ಅಂತ ಅರ್ಥ. ಬಂದು ನನಗೆ ಹೇಳು."

ಕೆಂಚಮ್ಮನಿಗೆ ಕಾಯೋಕೆ ಎಲ್ಲಿ ತಾಳ್ಮೆ? "ಹೇಳೋದೇನು! ಮದುವೆಗೆ ಮೂರೇ ದಿನ! ಹಿಡ್ಕೊಂಡಿರೋದನ್ನ ಕಂಡ ತಕ್ಷಣ ಬಿಡಿಸ್ಬಿಡು ಕಣ್ಲಾ!"

"ಅಷ್ಟೇನಾ? ಆಯ್ತು!"

ಮಾರನೇ ದಿನ ಕಾರು ಮನೆ ಮುಂದಿನ ಇಳಿಜಾರಲ್ಲಿ ನಿಂತಿತ್ತು. ಕೆಂಚಮ್ಮ ಎಂದಿನಂತೆ ಒಳಗೆ ಕೂತು, ಎಲೆಅಡಿಕೆ ಹಾಕಿಕೊಂಡು, ಲಕ್ಕಮ್ಮ ಯಾವಾಗ ಹೊರಗೆ ಬರುತ್ತಾಳೆ ಅಂತ ಕಾಯುತ್ತಿದ್ದಳು. ಗವಿರಂಗ ಗಾಲಿ ಹಿಡಿದು ತಿರುಗಿಸಿದ. ತಿರುಗಲಿಲ್ಲ. ಹಿಡ್ಕೊಂಡಿದೆ! ಏನು ಹಿಡ್ಕೊಂಡಿದೆ? ಗಾಲಿಗೆ ಕೊಟ್ಟಿದ್ದ ಕಲ್ಲು ಹಿಡ್ಕೊಂಡಿದೆ. ಕಿತ್ತು ಬಿಸಾಕಿದ. ಹ್ಯಾಂಡ್ ಬ್ರೇಕೂ ಹಿಡ್ಕೊಂಡಿದೆ. ಅದನ್ನೂ ಬಿಡಿಸಿದ.

ಕಾರು ಹೊರಟಿತು! ಡ್ರೈವರ್ ಇಲ್ಲ, ಇಂಜಿನ್ ಇಲ್ಲ, ಆದರೂ ಎಡಕ್ಕೆ. ಕೆಂಚಮ್ಮ "ಲೋ ಲೋ ಲೋ" ಅನ್ನುತ್ತಾ, ಕಾರಿನ ಸಮೇತ ಹೋಗಿ ಲಕ್ಕಮ್ಮನ ತಿಪ್ಪೆಯೊಳಗೆ ಇಳಿದಳು.

"ಬನ್ನಿ ಅಕ್ಕ, ಬನ್ನಿ! ತಿಪ್ಪೆಗೆ ದಾರಿ ಕೇಳ್ದೇನೇ ಬಂದ್ರಲ್ಲ!"

ಕೆಂಚಮ್ಮ ತಲೆಯ ಸಗಣಿ ಒರೆಸಿಕೊಂಡು ಎದ್ದಳು. ಲಕ್ಕಮ್ಮನ ಕಾರು ಪಕ್ಕದಲ್ಲೇ ಇತ್ತು. ತೊಳೆದು, ಒರೆಸಿ, ಗಾಲಿಯ ನಟ್ಟುಗಳಿಗೆಲ್ಲ ಓಬಳೇಶ ಕೆಂಪು ಬಣ್ಣ ಹಚ್ಚಿದ್ದ. ಅದನ್ನು ನೋಡಿ ಅವಳಿಗೆ ಅಳು ಬಂತು. ಸಗಣಿಗಲ್ಲ, ಆ ಕೆಂಪು ನಟ್ಟಿಗೆ.

ಆ ಸಂಜೆ ಪ್ಯಾರೂ ಸಾಬರು ಬಂದು ಕಾರಿನಡಿ ಮಲಗಿ ಎಲ್ಲ ನೋಡಿದರು. "ಬ್ರೇಕ್ ಸರಿ ಇದೆ. ಗಾಲಿ ತಿರುಗಿಸೋ ಕಂಬಿ ಬಗ್ಗಿಲ್ಲ. ಉಳಿದಿದ್ದು ಟೈರು. ಕೆಲವು ಟೈರು ಹೊರಗೆ ಚೆನ್ನಾಗೇ ಕಾಣ್ತವೆ, ಒಳಗೆ ಕೆಟ್ಟಿರ್ತವೆ. ಒಂದೇ ಕಡೆ ಎಳೀತಾವೆ." ಅಂಥ ಮನುಷ್ಯರನ್ನು ನಾನೂ ಕಂಡಿದ್ದೀನಿ, ಇರಲಿ. "ಕಂಡುಹಿಡಿಯೋದು ಸುಲಭ. ಎಡಗಡೇದು ಬಿಚ್ಚಿ ಬಲಗಡೆಗೆ ಹಾಕು, ಬಲಗಡೇದು ಬಿಚ್ಚಿ ಎಡಗಡೆಗೆ ಹಾಕು. ಎಳೆತ ಆ ಕಡೆಗೆ ಹೋದ್ರೆ ರೋಗ ಟೈರಿನದೇ."

ತಾಯಿ ಬೆರಳು ತೋರಿಸಿ ಬೈದಳು. "ಕೇಳಿಸ್ತೇನ್ಲಾ? ಈ ಸಲ ಕಲ್ಲು ಮುಟ್ಬೇಡ, ಬ್ರೇಕು ಮುಟ್ಬೇಡ. ಎಡಗಡೇದು ಬಲಕ್ಕೆ, ಬಲಗಡೇದು ಎಡಕ್ಕೆ!"

"ಅಷ್ಟೇನಾ? ಆಯ್ತು!"

ಮದುವೆ ದಿನ ಕೋಳಿ ಕೂಗೋ ಹೊತ್ತಿಗೇ ಗವಿರಂಗ ನಟ್ಟು ಬಿಚ್ಚೋ ಪಾನಾ ಹಿಡಿದು ಬೀದಿಗೆ ಬಂದ. ನಿಂತು ನೋಡಿದ. ಎಡಗಡೆ ಚಿಕ್ಕವ್ವನ ಕಾರು. ಬಲಗಡೆ ನಮ್ಮ ಕಾರು. ಎಡಗಡೇದು ಬಲಕ್ಕೆ, ಬಲಗಡೇದು ಎಡಕ್ಕೆ! ಲಕ್ಕಮ್ಮನ ಕಾರಿನ ನಾಲ್ಕೂ ಗಾಲಿ ಬಿಚ್ಚಿ ತಮ್ಮ ಕಾರಿಗೆ ಹಾಕಿದ, ತಮ್ಮ ನಾಲ್ಕೂ ಗಾಲಿ ಲಕ್ಕಮ್ಮನ ಕಾರಿಗೆ ಹಾಕಿದ. ಅವರ ನಟ್ಟೂ ಇಲ್ಲಿಗೆ ಬಂತು, ಇಲ್ಲಿನ ನಟ್ಟೂ ಅಲ್ಲಿಗೆ ಹೋಯಿತು. ಅವಳಿ ಕಾರುಗಳಲ್ಲವಾ, ಹೇಳಿ ಮಾಡಿಸಿದ ಹಾಗೆ ಕೂತವು. ಮದುವೆ ಗಲಾಟೆಯಲ್ಲಿ ಯಾರೂ ನೋಡಲಿಲ್ಲ.

ಛತ್ರಕ್ಕೆ ಹೊರಡೋಕೆ ಹನುಮಕ್ಕ ಮಗಳನ್ನು ಕರೆತಂದಳು. ಎಡಕ್ಕೆ ಎಳೆಯೋ ಕಾರಲ್ಲಿ ಹೆತ್ತ ಮಗಳನ್ನು ಯಾರು ಕೂರಿಸ್ತಾರೆ? ಓಬಳೇಶನ ಕಾರಿಗೇ ಹತ್ತಿಸಿದಳು. ಲಕ್ಕಮ್ಮ ಮುಂದಿನ ಸೀಟಲ್ಲಿ ಕೂತು ಕೆಂಚಮ್ಮನ ಕಡೆ ನೋಡಿ ಸೆರಗು ಸರಿಮಾಡಿಕೊಂಡಳು. ಆ ಸೆರಗು ಸರಿಮಾಡಿಕೊಂಡ ಪರಿ ಇದೆಯಲ್ಲ, ಅದನ್ನು ಕೆಂಚಮ್ಮ ಸಾಯೋ ತನಕ ಮರೆಯೋದಿಲ್ಲ.

ಓಬಳೇಶ ಬಿಟ್ಟ. ಸ್ಟೇರಿಂಗು ನೆಟ್ಟಗೆ, ಕಾರು ಎಡಕ್ಕೆ! "ಎಲಾ ಇವ್ನ!" ಅನ್ನುವಷ್ಟರಲ್ಲಿ ಕತ್ತಾಳೆ ಬೇಲಿಗೆ ನುಗ್ಗಿ ನಿಂತಿತು. ಯಾರಿಗೂ ಏನೂ ಆಗಲಿಲ್ಲ. ಲಕ್ಕಮ್ಮನ ಹೊಸ ಸೀರೆಗೆ ಮಾತ್ರ ಮುಳ್ಳು.

"ಅಯ್ಯೋ ಪಾಪ, ಅಯ್ಯೋ ಪಾಪ" ಅಂತ ಓಡಿದ ಕೆಂಚಮ್ಮನ ಬಾಯಲ್ಲಿ ಮರುಕ, ಹೊಟ್ಟೆಯಲ್ಲಿ ಪಾಯಸ. ಮದುಮಗಳನ್ನು ತಾನೇ ಕೈಹಿಡಿದು ಇಳಿಸಿ ಗವಿರಂಗನ ಕಾರಿಗೆ ಕೂರಿಸಿದಳು. ಗವಿರಂಗ ಬಿಟ್ಟ. ದಾರ ಹಿಡಿದ ಹಾಗೆ ನೆಟ್ಟಗೆ ಹೋಗಿ ಛತ್ರದ ಬಾಗಿಲಲ್ಲಿ ನಿಂತ.

"ಸರಿ ಬಿಡು" ಅಂದಳು ಹನುಮಕ್ಕ. "ಗಂಡನ ಮನೆಗೂ ಗವಿರಂಗನ ಕಾರಲ್ಲೇ ಹೋಗ್ಲಿ."

ಕೆಂಚಮ್ಮ ನೆಲ ಬಿಟ್ಟು ಒಂದು ಮೊಳ ಮೇಲೆ ನಡೆದಳು. ಎಷ್ಟು ಹೊತ್ತು? ಓಬಳೇಶ ಹೇಗೋ ಕಾರು ತಂದು ಪಕ್ಕಕ್ಕೆ ನಿಲ್ಲಿಸೋ ತನಕ. ಮದುವೆಗೆ ಬಂದಿದ್ದ ಪ್ಯಾರೂ ಸಾಬರು ಎರಡೂ ಕಾರಿನ ಗಾಲಿ ನೋಡಿ ಹಣೆ ಹೊಡೆದುಕೊಂಡರು. "ವಾರೆ ವಾ! ಎಳೆತ ಆ ಕಡೆಗೇ ಹೋಗಿದೆ. ರೋಗ ಟೈರಿನದೇ!" ಲಕ್ಕಮ್ಮನೂ ನೋಡಿದಳು. ತನ್ನ ಮನೆಯ ಕೆಂಪು ನಟ್ಟು ಕೆಂಚಮ್ಮನ ಕಾರಲ್ಲಿ!

"ಕಳ್ರು! ಗಾಲಿ ಕಳ್ರು! ನಮ್ಮ ಏಳಿಗೆ ನೋಡ್ಲಾರ್ದೆ ಕಾಲೇ ಕಿತ್ಕೊಂಡವ್ರೆ!"

ಬೀಗರೆಲ್ಲ ತಿರುಗಿ ನೋಡಿದರು. ಕೆಂಚಮ್ಮನಿಗೆ ನೆಲ ಬಾಯಿಬಿಡಬಾರದಾ ಅನ್ನಿಸಿತು. ಎಲ್ಲರಿಗೂ ಕೇಳೋ ಹಾಗೆ ಮಗನ ಕಿವಿ ಹಿಂಡಿದಳು. "ಪೆದ್ದ ನನ್ಮಗನೇ! ಬೇರೆಯೋರ ಮನೇದು ನಮಗ್ಯಾಕ್ಲಾ? ಎಲ್ಲೆಲ್ಲಿಂದ ತಂದ್ಯೋ ಅಲ್ಲಲ್ಲಿಗೇ ಬಿಟ್ಟು ಬಾ!" ಆಮೇಲೆ ಅದೇ ಕಿವಿಗೆ ಬಾಯಿಟ್ಟು ಪಿಸುಗುಟ್ಟಿದಳು. "ಈಗ್ಲೇ ಬೇಡ ಮಗ. ಮದುವೆ ಮುಗೀಲಿ. ಮುಗಿದ ಮೇಲೆ." ಒಳ್ಳೆ ಗಾಲಿ ಇರುವಾಗಲೇ ಮದುಮಗಳನ್ನು ಮೆರೆಸಿಬಿಡೋಣ ಅಂತ ಅವಳ ಲೆಕ್ಕ.

"ಅಷ್ಟೇನಾ? ಆಯ್ತು!"

ಮುಹೂರ್ತ ಮೀರುತ್ತೆ, ಜಗಳ ಆಮೇಲೆ ಅಂತ ಹನುಮಕ್ಕ ಎಲ್ಲರನ್ನೂ ಒಳಗೆ ಅಟ್ಟಿದಳು. ಧಾರೆ ಆಯಿತು, ಊಟ ಆಯಿತು. ಮದುಮಗಳು ಹೊರಡೋ ಹೊತ್ತು. ಹನುಮಕ್ಕ ಅತ್ತು ಅತ್ತು ಮಗಳನ್ನು ಒಪ್ಪಿಸಿ ಊರಿಗೆ ಹೋದಳು. ಮದುಮಗನ ಶಲ್ಯಕ್ಕೂ ಮದುಮಗಳ ಸೆರಗಿಗೂ ಗಂಟು ಹಾಕಿ ಇಬ್ಬರನ್ನೂ ಕಾರಿನ ಹಿಂದಿನ ಸೀಟಲ್ಲಿ ಕೂರಿಸಿದರು. ಜೊತೆಗೆ ಕಳಸಗಿತ್ತಿ ಹೋಗಬೇಕಲ್ಲ. ಕಳಸಗಿತ್ತಿ ಲಕ್ಕಮ್ಮನ ಮಗಳು! ಕೆಂಚಮ್ಮ ಅವಳ ಮುಖದ ಮೇಲೇ ಬಾಗಿಲು ಹಾಕಿದಳು. "ಜಾಗ ಇಲ್ಲ ಕಣಮ್ಮ, ನಿಮ್ಮ ಕಾರಲ್ಲೇ ಬಾ." ತಾನು ದಿಬ್ಬಣದ ಟೆಂಪೋ ಹತ್ತಿ ಮುಂದೆ ಹೋದಳು. ಗಂಡಿನ ಮನೆ ಬಾಗಿಲಲ್ಲಿ ಲಕ್ಕಮ್ಮನ ಪಕ್ಕದಲ್ಲೇ ನಿಂತು, ತನ್ನ ಕಾರು ಬರೋದನ್ನೂ ಲಕ್ಕಮ್ಮನ ಮುಖವನ್ನೂ ಒಟ್ಟಿಗೆ ನೋಡಬೇಕು, ಅದು ಅವಳ ಆಸೆ.

ಗಂಡಿನ ಮನೆಯಲ್ಲಿ ಹಸೆ ಹಾಸಿದರು. ಹೊಸ್ತಿಲ ಮೇಲೆ ಸೇರಕ್ಕಿ ಇಟ್ಟರು. ಆರತಿ ತಟ್ಟೆ ಲಕ್ಕಮ್ಮನ ಕೈಗೆ ಕೊಟ್ಟರು. ಕಾದರು. ಕಾದರು. ಕಾದೇ ಕಾದರು.

"ಎಲ್ಲಕ್ಕ ನಿಮ್ಮ ಕಾರು? ಎಡಕ್ಕೆ ಹೋಯ್ತಾ?"

"ಬಾಯಿ ಮುಚ್ಕೊಂಡು ನೋಡ್ತಾ ಇರು!"

ಬಂತು! ದೂಳೆಬ್ಬಿಸಿಕೊಂಡು, ಕೆಂಪು ನಟ್ಟು ಮಿಂಚಿಸಿಕೊಂಡು, ನೆಟ್ಟಗೆ ಬಂತು. ಕೆಂಚಮ್ಮನ ಕಣ್ಣಲ್ಲಿ ನೀರು ಬಂತು. ಹೆಂಗಸರು ಸೋಬಾನೆ ಎತ್ತಿದರು. ಕೆಂಚಮ್ಮ ತಾನೇ ಓಡಿ ಬಾಗಿಲು ತೆಗೆದಳು.

ಒಳಗೆ ಮದುಮಗ ಬಾಯಿ ತೆರೆದುಕೊಂಡು ಗೊರಕೆ ಹೊಡೆಯುತ್ತಿದ್ದ. ಪಕ್ಕದಲ್ಲಿ, ಮದುಮಗಳ ಹೂವಿನ ಹಾರ ಹಾಕಿಕೊಂಡು, ಒಂದು ಬೀಸೋ ಕಲ್ಲು.

ಸೋಬಾನೆ ಗಂಟಲಲ್ಲೇ ನಿಂತಿತು.

"ಹುಡುಗಿ ಎಲ್ಲೋ?"

"ಎಲ್ಲಿಂದ ತಂದ್ನೋ ಅಲ್ಲಿಗೇ ಬಿಟ್ಟು ಬಂದೆ ಕಣವ್ವ. ಮದುವೆ ಮುಗಿದ ಮೇಲೆ ಅಂದಿದ್ಯಲ್ಲ? ಮುಗೀತು. ದೊಡ್ಡವ್ವನ ಮನೆ ಬಾಗಿಲಿಗೇ ಬಿಟ್ಟೆ. ಹುಡುಗಿ ಅಳ್ತಾ ತಲೆ ಎತ್ತಿ ನೋಡಿ, ಅವ್ವಾ ಅಂತ ಒಳಗೆ ಓಡ್ತು. ಹಾರ ಬಿದ್ದೋಯ್ತು, ಅದನ್ನ ಎತ್ಕೊಳ್ಳೋಷ್ಟು ಹೊತ್ತೂ ನಿಲ್ಲಲಿಲ್ಲ."

"ಸೆರಗಿಗೆ ಗಂಟು ಹಾಕಿದ್ದೆವಲ್ಲೋ!"

"ಹಿಡ್ಕೊಂಡಿತ್ತು. ಬಿಡಿಸ್ದೆ."

"ಈ ಕಲ್ಲು?"

"ಹುಡುಗಿ ಇಳಿದ ಮೇಲೆ ಆ ಕಡೆ ಕಮ್ಮಿ ಆಯ್ತಲ್ಲವ್ವ, ತುಂಬ್ದೆ. ದೊಡ್ಡವ್ವನ ಜಗಲೀದು. ಒಂದು ಚೂರಾದ್ರೂ ಎಡಕ್ಕೆ ಎಳೀತೇನವ್ವ? ದಾರ ಹಿಡ್ದಂಗೆ ಬಂದೆ!"

ಲಕ್ಕಮ್ಮ ಆರತಿ ತಟ್ಟೆ ಹಿಡಿದು ನಿಧಾನಕ್ಕೆ ಮುಂದೆ ಬಂದಳು. ಬೀಸೋ ಕಲ್ಲಿಗೆ ಮೂರು ಸುತ್ತು ಆರತಿ ಬೆಳಗಿದಳು. "ಬಾರವ್ವ ತಾಯಿ, ಬಲಗಾಲಿಟ್ಟು ಒಳಗೆ ಬಾ. ನಮ್ಮಕ್ಕನ ಕಾರಲ್ಲೇ ಬಂದ್ಯಲ್ಲ, ಪುಣ್ಯವಂತೆ!"

ಕೆಂಚಮ್ಮನ ಹೊಟ್ಟೆಯೊಳಗಿನ ಕಿಚ್ಚೆಲ್ಲ ಒಂದೇ ಸಲ ಬಾಯಿಗೆ ಬಂತು. ಮಗನ ಕಡೆ ತಿರುಗಿ ಊರು ಕೇಳೋ ಹಾಗೆ ಕೂಗಿದಳು. "ಇವತ್ತಿಂದ ನಾನು ಹೇಳಿದ್ದು ಒಂದೂ ಮಾಡ್ಬೇಡ! ಒಂದೂ!"

"ಅಷ್ಟೇನಾ? ಆಯ್ತು!"

"ಕಾರು ತಿರುಗಿಸ್ಲಾ, ಹುಡುಗೀನ ಕರ್ಕೊಂಡು ಬರೋಣ!"

ಗವಿರಂಗ ಕೈಕಟ್ಟಿ ಕೂತ.

"ತಿರುಗಿಸೋ! ಕಾಲಿಗೆ ಬೀಳ್ತೀನಿ, ತಿರುಗಿಸೋ!"

"ನೀನು ಹೇಳಿದ್ದು ಮಾಡ್ಬಾರ್ದಲ್ಲವ್ವ."

ಅವನನ್ನು ಸೀಟಿಂದ ಎಳೆಯೋಕೆ ನಾಲ್ಕು ಜನ ನೋಡಿದರು. ಕೋಣನ ಬಲ, ಕದಲಲಿಲ್ಲ. ಮದುವೆ ಮನೆ ಕಾಯುತ್ತಾ? ಓಬಳೇಶ ತನ್ನ ಕಾರು ತೆಗೆದ. ಅವನಿಗೆ ಬೆಳಗ್ಗೆಯೇ ಅರ್ಥವಾಗಿತ್ತು. ಈಗ ಸ್ಟೇರಿಂಗು ಬಲಕ್ಕೆ, ಕಾರು ನೆಟ್ಟಗೆ! ಹೋದ, ಅಮ್ಮನ ಸೆರಗು ಹಿಡಿದಿದ್ದ ಮದುಮಗಳನ್ನು ಬಿಡಿಸಿಕೊಂಡು ಬಂದ. ರಂಗಲಕ್ಷ್ಮಿ ಲಕ್ಕಮ್ಮನ ಕಾರಿಂದಲೇ ಇಳಿದಳು, ಸೇರಕ್ಕಿ ಒದ್ದಳು, ಒಳಗೆ ಹೋದಳು. ಕೆಂಚಮ್ಮ ಕಂಬ ಹಿಡಿದು ನಿಂತು ಎಲ್ಲ ನೋಡಿದಳು. ಅವಳ ಕಾರಿನ ನಾಲ್ಕು ಟೈರೇ ಮದುಮಗಳನ್ನು ತಂದಿದ್ದವು, ಆದರೂ ಹೆಸರು ಲಕ್ಕಮ್ಮನಿಗೆ.

ಸಂಜೆಗೆ ಟೆಂಪೋ ಹೋಗಿಯಾಗಿತ್ತು. "ಮನೆಗೆ ನಡಿಯೋ ಮಗನೇ" ಅಂದಳು. ಗವಿರಂಗ ಕೈಕಟ್ಟಿಕೊಂಡೇ ಇದ್ದ. ಬೇರೆ ದಾರಿಯಿಲ್ಲದೆ ಕೆಂಚಮ್ಮ ಲಕ್ಕಮ್ಮನ ಕಾರಿನ ಹತ್ತಿರ ಹೋಗಿ ನಿಂತಳು.

"ಬನ್ನಿ ಅಕ್ಕ, ಜಾಗ ಐತೆ" ಅಂದಳು ಲಕ್ಕಮ್ಮ. "ಎಡಗಡೆ ಕೂತ್ಕೊಳ್ಳಿ."

ಊರು ಬರೋ ತನಕ ಅದು ಎಡಕ್ಕೇ ಎಳೆಯಿತಂತೆ. ಜನ ಕೆಂಚಮ್ಮನನ್ನು ನೋಡಿ ಅಯ್ಯೋ ಅಂತಾರೆ. ನನಗಂತೂ ಅವಳನ್ನು ಕಂಡರೆ ಹೊಟ್ಟೆಕಿಚ್ಚು. ನನಗೂ ಮೂವರು ಗಂಡುಮಕ್ಕಳಿದ್ದಾರೆ, ಒಬ್ಬನಾದರೂ ಒಂದು ದಿನವಾದರೂ ನನ್ನ ಮಾತು ಕೇಳಿದ್ದುಂಟಾ?

ಗವಿರಂಗನಾ? ಬೀಗರ ಮನೆ ಮುಂದೆ ಬೀಸೋ ಕಲ್ಲಿನ ಜೊತೆ ಇನ್ನೂ ಕಾರಲ್ಲೇ ಕೂತಿದ್ದಾನೆ. ತಾಯಿ ದಿನಾ ಹೇಳಿ ಕಳಿಸ್ತಾಳೆ, ಮನೆಗೆ ಬಾ ಅಂತ. ತಾಯಿ ಹೇಳಿದ್ದು ಮಾಡಬಾರದು ಅಂತ ತಾಯಿಯೇ ಹೇಳಿದ್ದಾಳಲ್ಲ, ಒಳ್ಳೆ ಮಗ, ಬರೋದಿಲ್ಲ.